ಮೂರ್ತಿಯ ಮನೆಯಿಂದ ಅಮೂರ್ತದ ಕಡೆಗೆ: ಬಣ್ಣದಲ್ಲೇ ಸುಖದುಃಖ ಹೇಳಿದ ಕಟ್ಟಿಂಗೇರಿ ಹೆಬ್ಬಾರರು

ಬಣ್ಣ ಅಂದರೆ ಹೊಸಪೇಟೆ ಮಂದಿಗೆ ಹೊಸ ವಿಷಯವೇನಲ್ಲ. ಅಂಗಡಿಯ ಬೋರ್ಡು, ಲಾರಿಯ ಬಾಡಿ, ಜಾತ್ರೆಯ ತೇರು, ಲಂಬಾಣಿ ಹೆಣ್ಣುಮಕ್ಕಳ ಲಂಗ, ಸಂಡೂರು ದಾರಿಯ ಕೆಂಪು ಧೂಳು, ಕಂಪ್ಲಿ ಗದ್ದೆಯ ಹಸಿರು, ದಿನಾ ಕಣ್ಣಿಗೆ ಬೀಳೋದೆಲ್ಲ ಬಣ್ಣವೇ. ಆದರೆ ಅದೇ ಬಣ್ಣವನ್ನು ಚೌಕಟ್ಟಿನೊಳಗೆ ಹಾಕಿ, ಅದರಲ್ಲಿ ದೇವರೂ ಇಲ್ಲ, ಮನುಷ್ಯನೂ ಇಲ್ಲ, ಮರವೂ ಸರಿಯಾಗಿ ಕಾಣೋದಿಲ್ಲ ಅನ್ನುವ ಹಾಗೆ ಗೋಡೆಗೆ ತೂಗುಹಾಕಿದರೆ ಮಾತ್ರ ನೋಡಿದವರು ತಲೆ ಕೆರೆದುಕೊಳ್ಳುತ್ತಾರೆ. ಇದೇನು, ಮೇಲ್ಯಾವುದು ಕೆಳಗ್ಯಾವುದು ಅಂತ ಕೇಳುತ್ತಾರೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಈ ಪ್ರಶ್ನೆಗೆ ಪಂಡಿತರ ಪಾಠಕ್ಕಿಂತ ಒಬ್ಬ ಮನುಷ್ಯನ ಬದುಕೇ ಒಳ್ಳೆಯ ಉತ್ತರ. ಅವರ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ದೇಶವೆಲ್ಲ ಕೆ.ಕೆ. ಹೆಬ್ಬಾರ್ ಅಂತಲೇ ಕರೆಯಿತು. ಮಣ್ಣಿನ ಮೂರ್ತಿ ಮಾಡುವ ಮನೆಯಲ್ಲಿ ಹುಟ್ಟಿದವರು, ಮನುಷ್ಯರ ಚಿತ್ರ ಬರೆದು ಹೆಸರು ಮಾಡಿದವರು, ಕಡೆಕಡೆಗೆ ಮನುಷ್ಯನ ಆಕಾರವನ್ನೇ ಬಣ್ಣದಲ್ಲಿ ಕರಗಿಸಲು ಹೊರಟವರು. ಅಮೂರ್ತ ಅಂದರೆ ಮೂರ್ತಿ ಇಲ್ಲದ್ದು, ಅಷ್ಟೇ. ಮೂರ್ತಿಯಿಂದ ಅಮೂರ್ತದ ತನಕ ಈ ಮನುಷ್ಯ ಯಾಕೆ ನಡೆದರು ಅನ್ನುವುದೇ ಇಲ್ಲಿಯ ಕಥೆ.

ಉಡುಪಿ ಹತ್ತಿರದ ಹಳ್ಳಿ

ಹೆಬ್ಬಾರರು ಹುಟ್ಟಿದ್ದು 1911ರ ಜೂನ್ 15ರಂದು, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಮನೆಯ ಮಾತು ತುಳು. ಆಗಿನ ಲೆಕ್ಕದಲ್ಲಿ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಹೊಸಪೇಟೆ, ಕಂಪ್ಲಿ, ಹಂಪಿ ಕೂಡ ಅದೇ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಬೇರೆ ಸಂಸ್ಥಾನ. ಮೈಸೂರು ರಾಜ್ಯಕ್ಕೆ ಈ ಕಡೆಯ ತಾಲೂಕುಗಳು ಸೇರಿದ್ದು 1953ರಲ್ಲಿ, ಉಡುಪಿ ಕಡೆಯವರು ಸೇರಿದ್ದು 1956ರಲ್ಲಿ. ಅಂದರೆ ಹೆಬ್ಬಾರರ ಬಾಲ್ಯಕಾಲದಲ್ಲಿ ಇಲ್ಲಿಯವರೂ ಅಲ್ಲಿಯವರೂ ದೂರದ ಮದ್ರಾಸಿನ ಸರ್ಕಾರದ ಕಡೆಗೇ ಮುಖ ಮಾಡಿ ಕೂತವರು.

ತಂದೆ ಚೌತಿ ಹಬ್ಬಕ್ಕೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಹಸಿ ಮಣ್ಣು ಒಣಗಿ, ಅದಕ್ಕೆ ಬಣ್ಣ ಬಿದ್ದು, ಕಣ್ಣು ಬರೆದ ಮೇಲೆ ದೇವರಾಗುವುದನ್ನು ಹುಡುಗ ಮನೆಯಲ್ಲೇ ನೋಡಿದ. ಹಬ್ಬ ಮುಗಿದ ಮೇಲೆ ಅದೇ ದೇವರು ನೀರಿನಲ್ಲಿ ಕರಗುವುದನ್ನೂ ನೋಡಿದ. ಆಕಾರ ಬರುತ್ತದೆ, ಹೋಗುತ್ತದೆ ಅನ್ನೋದು ಅಂಥ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಮನೆಯ ಹೊರಗೆ ಯಕ್ಷಗಾನ, ಭೂತದ ಕೋಲ, ಕೋಳಿ ಅಂಕ, ಕಂಬಳ. ಬಯಲಾಟ ನೋಡಿ ಬೆಳೆದ ಬಳ್ಳಾರಿ ಸೀಮೆಯವರಿಗೆ ಇದು ತಟ್ಟನೆ ತಿಳಿಯುತ್ತದೆ. ವೇಷ ರಂಗಕ್ಕೆ ಬಂದು ಇನ್ನೂ ಬಾಯಿ ತೆರೆದಿರುವುದಿಲ್ಲ, ಮುಖದ ಬಣ್ಣ ನೋಡಿಯೇ ಹಿಂದಿನ ಸಾಲಿನ ಅಜ್ಜಿಗೂ ಗೊತ್ತಾಗಿಬಿಡುತ್ತದೆ, ಇವನು ರಾಕ್ಷಸ, ಇವನು ರಾಜ ಅಂತ. ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷ ಅಂತಲೇ ಹೆಸರು. ಮಾತಿಗೆ ಮುಂಚೆ ಬಣ್ಣ ಮಾತಾಡುತ್ತದೆ. ಮುಂದೆ ಬೊಂಬಾಯಿಯಲ್ಲಿ, ಪ್ಯಾರಿಸ್ಸಿನಲ್ಲಿ ದೊಡ್ಡದೊಡ್ಡವರು ಇದನ್ನೇ ಸಿದ್ಧಾಂತ ಮಾಡಿ ಹೇಳಿದಾಗ ಹೆಬ್ಬಾರರಿಗೆ ಅದು ಊರಿನ ಆಟದ ನೆನಪೇ ಆಗಿರಬೇಕು.

ಬೊಂಬಾಯಿಯ ಸ್ಕೂಲು

ಉಡುಪಿ ಕಡೆಯವರಿಗೆ ಹೊಟ್ಟೆಪಾಡಿನ ದಾರಿ ಅಂದರೆ ಬೊಂಬಾಯಿ. ಬಹಳ ಜನ ಹೋಟೆಲ್ ಹಿಡಿದರು. ಹೆಬ್ಬಾರರು ಜೆ.ಜೆ. ಸ್ಕೂಲ್ ಆಫ್ ಆರ್ಟ್ ಹಿಡಿದರು. 1857ರಲ್ಲಿ ಶುರುವಾದ ಈ ಶಾಲೆಯಲ್ಲಿ ಬ್ರಿಟಿಷರ ಕಾಲದ ಕಟ್ಟುನಿಟ್ಟಿನ ಪಾಠ. ಎದುರಿಗಿದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಮೂಗಿನ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು. ಹೆಬ್ಬಾರರು ಇದನ್ನು ಚೆನ್ನಾಗಿ ಕಲಿತರು. ಕಲಿತ ಶಾಲೆಯಲ್ಲೇ 1940ರ ದಶಕದ ಮೊದಲ ಭಾಗದಲ್ಲಿ ಮಾಸ್ತರೂ ಆದರು.

ಹಳ್ಳಿಯಿಂದ ಬಂದ ಹುಡುಗನಿಗೆ ಬೊಂಬಾಯಿಯ ಹೆಸರಾಂತ ಶಾಲೆಯಲ್ಲಿ ಮಾಸ್ತರಿಕೆ. ಬೇರೆಯವರಾದರೆ ಸಾಕಪ್ಪ ಅಂತ ಅಲ್ಲೇ ಕೂತುಬಿಡುತ್ತಿದ್ದರು. ಹೆಬ್ಬಾರರಿಗೆ ಮಾತ್ರ ಒಂದು ಕೊರತೆ ಕಾಡಿತು. ಎದುರಿಗಿದ್ದವನ ಮೂಗು ಸರಿಯಾಗಿ ಬಂದರೂ ಅವನ ಮನಸ್ಸಿನ ಗತಿ ಚಿತ್ರಕ್ಕೆ ಬರುತ್ತಿರಲಿಲ್ಲ. ಮೂಗು ಹಿಡಿಯುವುದು ಫೋಟೋ ಸ್ಟುಡಿಯೋದವನಿಗೂ ಬರುತ್ತದೆ. ಹಾಗಾದರೆ ಕುಂಚ ಹಿಡಿದವನ ಕೆಲಸ ಏನು?

ಆ ಹೊತ್ತಿಗೆ ಅವರಿಗೆ ದಾರಿ ತೋರಿಸಿದ್ದು ಮುಖ್ಯವಾಗಿ ಎರಡು. ಒಂದು, ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು. ಪಂಜಾಬಿ ತಂದೆ, ಹಂಗೇರಿ ತಾಯಿಯ ಮಗಳಾಗಿ 1913ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತು, ಭಾರತದ ಹಳ್ಳಿಯ ಹೆಂಗಸರನ್ನು ಗಾಢ ಬಣ್ಣದಲ್ಲಿ ಬರೆದು, 1941ರಲ್ಲಿ 28 ವರ್ಷಕ್ಕೇ ತೀರಿಕೊಂಡ ಹೆಣ್ಣುಮಗಳು ಅವರು. ಇನ್ನೊಂದು, ಗುಜರಾತಿನ ಕಡೆಯ ಹಳೆಯ ಜೈನ ಹಸ್ತಪ್ರತಿಗಳ ಪುಟ್ಟ ಚಿತ್ರಗಳು. ಅವುಗಳಲ್ಲಿ ನೆರಳಿಲ್ಲ, ಆಳವಿಲ್ಲ. ಹಿಂದೆ ಒಂದೇ ಕೆಂಪು ಅಥವಾ ಒಂದೇ ನೀಲಿ, ಮೇಲೆ ಚೂಪು ಗೆರೆಯ ಮನುಷ್ಯರು.

ವಿರೂಪಾಕ್ಷನ ಗುಡಿಯ ಚಾವಣಿ

ಈ ಮಾತು ತಿಳಿಯಬೇಕಾದರೆ ಹೊಸಪೇಟೆಯವರು ಗುಜರಾತಿಗೆ ಹೋಗಬೇಕಾಗಿಲ್ಲ. ಹಂಪಿಗೆ ಹೋದರೆ ಸಾಕು. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ನಿಂತು ತಲೆ ಎತ್ತಿ ನೋಡಬೇಕು. ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ಮಂಟಪ ಅದು. ಚಾವಣಿಯಲ್ಲಿ ಗಿರಿಜಾ ಕಲ್ಯಾಣ ಇದೆ, ಅರ್ಜುನ ಮತ್ಸ್ಯಯಂತ್ರ ಹೊಡೆಯುವುದು ಇದೆ, ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ ಇದೆ. ಅಲ್ಲೂ ಮೂಗಿನ ನೆರಳು ಬರೆದಿಲ್ಲ. ಹಿಂದಿದ್ದವನು ಸಣ್ಣವನು, ಮುಂದಿದ್ದವನು ದೊಡ್ಡವನು ಅನ್ನೋ ಲೆಕ್ಕವೂ ಇಲ್ಲ. ಬಣ್ಣ ಚಪ್ಪಟೆಯಾಗಿ ಹರಡಿದೆ, ಗೆರೆ ಅದನ್ನು ಹಿಡಿದು ಕುಣಿಸುತ್ತದೆ. ಆದರೂ ಅದು ಮದುವೆಯ ಸಡಗರ ಅನ್ನೋದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ನಾಡಿನ ಹಳೆಯ ಕೈಗಳಿಗೆ ಗೊತ್ತಿದ್ದ ಈ ಗುಟ್ಟನ್ನು ಬ್ರಿಟಿಷರ ಪಾಠ ಮರೆಸಿತ್ತು. ಹೆಬ್ಬಾರರು ಅದನ್ನು ಮತ್ತೆ ಹುಡುಕಿ ತೆಗೆದರು. ಕೇರಳದ ಕಡೆ ಸುತ್ತಾಡಿದರು. ಅಲ್ಲಿಯ ಮಣ್ಣಿನ ಕೆಂಪು, ತೆಂಗಿನ ಹಸಿರು, ಬಿಳಿ ಬಟ್ಟೆಯ ಹೆಂಗಸರು ಚಿತ್ರದೊಳಗೆ ಬಂದರು. ಈ ಚಿತ್ರಗಳು ಎಲ್ಲರಿಗೂ ಹಿಡಿಸಿದವು. ಬೊಂಬಾಯಿಯ ಪ್ರದರ್ಶನಗಳಲ್ಲಿ ಹೆಸರು ಬಂತು. ನಲವತ್ತು ತುಂಬುವುದರೊಳಗೆ ಹೆಬ್ಬಾರ್ ಅಂದರೆ ಇಂಥ ಚಿತ್ರ ಅಂತ ಜನರೇ ಗುರುತು ಹಿಡಿಯುವ ಮಟ್ಟಕ್ಕೆ ಬಂದುಬಿಟ್ಟಿದ್ದರು.

ನಡೆಯುವ ಅಂಗಡಿ ಬಿಟ್ಟು

ವ್ಯಾಪಾರ ಬಲ್ಲವರಿಗೆ ಮುಂದಿನ ಮಾತು ವಿಚಿತ್ರ ಅನ್ನಿಸಬಹುದು. ಒಂದು ಮಾಲು ಚೆನ್ನಾಗಿ ಓಡುತ್ತಿದೆ, ಗಿರಾಕಿ ಅದನ್ನೇ ಕೇಳಿಕೊಂಡು ಬರುತ್ತಿದ್ದಾನೆ. ಆ ಹೊತ್ತಿನಲ್ಲಿ ಯಾವ ಅಂಗಡಿಯವನೂ ಶಟರ್ ಎಳೆದು ಹೊಸ ಕಸುಬು ಕಲಿಯಲು ಹೋಗುವುದಿಲ್ಲ. ಹೆಬ್ಬಾರರು ಹೋದರು. 1949ರಲ್ಲಿ, 38ನೇ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯನ್ ಅನ್ನುವ ಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾದರು. ನಿನ್ನೆಯ ಮಾಸ್ತರು ಇವತ್ತು ಹುಡುಗರ ಜೊತೆ ಬೆಂಚಿನ ಮೇಲೆ.

ಆ ಹೊತ್ತಿಗೆ ಯುರೋಪಿನಲ್ಲಿ ಚಿತ್ರ ಬರೆಯುವವರು ಆಕಾರವನ್ನು ಬಿಟ್ಟು ಬಹಳ ದೂರ ಹೋಗಿದ್ದರು. ರಷ್ಯಾದ ಕ್ಯಾಂಡಿನ್‌ಸ್ಕಿ ಅನ್ನುವಾತ ಜರ್ಮನಿಯಲ್ಲಿದ್ದುಕೊಂಡು, ಬಣ್ಣ ನೇರವಾಗಿ ಮನಸ್ಸಿಗೆ ತಟ್ಟುತ್ತದೆ, ಸಂಗೀತಕ್ಕೆ ಹೇಗೆ ಕಥೆ ಬೇಡವೋ ಹಾಗೆ ಚಿತ್ರಕ್ಕೂ ವಸ್ತು ಬೇಡ ಎನ್ನುವ ಅರ್ಥದ ಪುಸ್ತಕ ಬರೆದಿದ್ದ. ಅದು ಹೊರಬಂದದ್ದು 1911ರ ಕೊನೆಗೆ, ಹೆಬ್ಬಾರರು ಹುಟ್ಟಿದ ವರ್ಷವೇ. ಬೊಂಬಾಯಿಯಲ್ಲೂ ಗಾಳಿ ಬದಲಾಗಿತ್ತು. 1947ರಲ್ಲಿ ಸೋಜ, ರಜಾ, ಹುಸೇನ್, ಆರಾ ಮೊದಲಾದ ಹುಡುಗರು ಪ್ರಗತಿಪರ ಕಲಾವಿದರ ಗುಂಪು ಕಟ್ಟಿ ಹಳೆಯದನ್ನೆಲ್ಲ ಕಿತ್ತೆಸೆಯುವ ಹುರುಪಿನಲ್ಲಿದ್ದರು. ಹೆಬ್ಬಾರರು ಆ ಗುಂಪಿಗೆ ಸೇರಲಿಲ್ಲ.

ಪ್ಯಾರಿಸ್ಸಿನಿಂದ ವಾಪಸ್ಸು ಬಂದ ಹೆಬ್ಬಾರರು ಅಲ್ಲಿಯವರ ನಕಲು ಆಗಿ ಬರಲಿಲ್ಲ. ಬಣ್ಣಕ್ಕೆ ಎಷ್ಟು ಸ್ವಾತಂತ್ರ್ಯ ಕೊಡಬಹುದು ಅನ್ನುವುದನ್ನು ಕಲಿತರು, ಆದರೆ ಮನುಷ್ಯನ ಕೈ ಬಿಡಲಿಲ್ಲ. ಅವರ ಮುಂದಿನ ಇಡೀ ಬದುಕು ಈ ಎರಡರ ನಡುವಿನ ಎಳೆದಾಟವೇ.

ಹಸಿವಿಗೆ ಯಾವ ಬಣ್ಣ?

ಆ ಕಾಲ ಸಾಮಾನ್ಯದ್ದಲ್ಲ. 1943ರ ಬಂಗಾಳದ ಬರಗಾಲದಲ್ಲಿ 30 ಲಕ್ಷದಷ್ಟು ಜನ ಸತ್ತಿದ್ದರು. ದೇಶ ಹೋಳಾಗಿ ರಕ್ತ ಹರಿದಿತ್ತು. ಚಂದದ ಹಳ್ಳಿ, ಚಂದದ ಹೆಂಗಸರು ಅಂತ ಬರೆಯುತ್ತ ಕೂರುವುದು ಹೆಬ್ಬಾರರಿಗೆ ಸರಿ ಕಾಣಲಿಲ್ಲ. ಬಡವರು, ಭಿಕ್ಷುಕರು, ಹಸಿದವರು ಚಿತ್ರಕ್ಕೆ ಬಂದರು. 1952ರಲ್ಲಿ ಬರೆದ ಒಂದು ಚಿತ್ರಕ್ಕೆ ಅವರು ಇಟ್ಟ ಹೆಸರೇ ಹಸಿದ ಜೀವ ಅನ್ನುವ ಅರ್ಥದ್ದು. ಮನೆಯ ಪಡಸಾಲೆಗೆ ಅಂದದ ಚಿತ್ರ ಬೇಕು ಅನ್ನುವ ಗಿರಾಕಿಗೆ ಹಸಿದವನ ಚಿತ್ರ ಮಾರುವುದು ಸುಲಭವಲ್ಲ. ಆದರೂ ಬರೆದರು.

ಬಳ್ಳಾರಿ ಸೀಮೆಗೆ ಹಸಿವು ಏನು ಅಂತ ಹೇಳಿಕೊಡಬೇಕಾಗಿಲ್ಲ. 1876ರಿಂದ 78ರ ಮಹಾ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1953ರಲ್ಲಿ ತುಂಗಭದ್ರಾ ಡ್ಯಾಮಿನ ನೀರು ಬಿಡುವ ತನಕ ಮಳೆ ಬಂದರೆ ಊಟ, ಇಲ್ಲದಿದ್ದರೆ ಗುಳೆ ಅನ್ನುವ ಊರುಗಳು ಇಲ್ಲಿ ಬಹಳ ಇದ್ದವು. ಹಸಿದವನ ಮುಖವನ್ನು ಪಡಿಯಚ್ಚು ತೆಗೆದರೆ ನೋಡುವವನಿಗೆ ಅಯ್ಯೋ ಅನ್ನಿಸಬಹುದು, ಆಮೇಲೆ ಅವನು ಮರೆತು ಮುಂದೆ ಹೋಗಬಹುದು. ಹಸಿವಿನ ಸಂಕಟ ನೋಡುವವನ ಹೊಟ್ಟೆಗೇ ತಾಗಬೇಕಾದರೆ ಏನು ಮಾಡಬೇಕು? ಹೆಬ್ಬಾರರ ಕುಂಚ ಬಣ್ಣದ ಕಡೆಗೆ ತಿರುಗಿದ್ದು ಇಂಥ ಕಡೆ. ಶೋಕಿಗೆ ಆಕಾರ ಬಿಟ್ಟದ್ದಲ್ಲ. ಹೇಳಬೇಕಾದದ್ದು ಆಕಾರದೊಳಗೆ ಹಿಡಿಯಲಿಲ್ಲ, ಅದಕ್ಕೆ ಬಿಟ್ಟದ್ದು.

ಕಾಲಿಗೆ ಗೆಜ್ಜೆ ಕಟ್ಟಿದ ಪೇಂಟರು

ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯವಾಗುತ್ತದೆ. ಹೆಸರಾಂತ ಚಿತ್ರಗಾರರಾದ ಮೇಲೆ ಹೆಬ್ಬಾರರು ಪಂಡಿತ್ ಸುಂದರ್ ಪ್ರಸಾದ್ ಅವರ ಹತ್ತಿರ ಕಥಕ್ ಕಲಿತರು. ರಂಗದ ಮೇಲೆ ಕುಣಿಯುವುದಕ್ಕಲ್ಲ. ಲಯ ಅನ್ನುವುದು ಮೈಯೊಳಗೆ ಹೇಗೆ ಓಡುತ್ತದೆ, ಅದು ಕೈಗೆ ಹೇಗೆ ಬರುತ್ತದೆ ಅಂತ ತಿಳಿಯುವುದಕ್ಕೆ. ಕುಣಿತ ಬಲ್ಲವನ ಗೆರೆಗೂ ಬರೀ ಕೂತು ಬರೆಯುವವನ ಗೆರೆಗೂ ವ್ಯತ್ಯಾಸ ಇರುತ್ತದೆ ಅನ್ನುವುದು ಅವರ ನಂಬಿಕೆ.

ನಂಬಿಕೆ ಸುಳ್ಳಾಗಲಿಲ್ಲ. ನೃತ್ಯ ಮಾಡುವವರು, ವಾದ್ಯ ನುಡಿಸುವವರು, ದುಡಿಯುವವರು ಇವರನ್ನೆಲ್ಲ ಅವರು ಕೆಲವೇ ಗೆರೆಗಳಲ್ಲಿ ಹಿಡಿದರು. ಕೈ ಎತ್ತದೆ ಎಳೆದ ಹಾಗೆ ಕಾಣುವ ಒಂದು ಗೆರೆ, ಅದರಲ್ಲೇ ಒಬ್ಬ ಮನುಷ್ಯ, ಅವನ ಓಟ, ಅವನ ಖುಷಿ. ಇಂಥ ಗೆರೆಚಿತ್ರಗಳ ಪುಸ್ತಕ 1964ರಲ್ಲಿ ಬಂತು. ಅದರ ಹೆಸರು ದಿ ಸಿಂಗಿಂಗ್ ಲೈನ್, ಅಂದರೆ ಹಾಡುವ ಗೆರೆ. ಇವತ್ತಿಗೂ ಹೆಬ್ಬಾರರ ಹೆಸರು ಹೇಳಿದರೆ ಬಲ್ಲವರ ಬಾಯಲ್ಲಿ ಮೊದಲು ಬರುವುದು ಇದೇ ಮಾತು.

ಗೆರೆ ಹಾಡಿದ ಮೇಲೆ ಬಣ್ಣ ಸುಮ್ಮನಿರುತ್ತದೆಯೇ? 1960ರ ನಂತರದ ಅವರ ದೊಡ್ಡ ಚಿತ್ರಗಳಲ್ಲಿ ಮನುಷ್ಯರು ನಿಧಾನಕ್ಕೆ ಕರಗುತ್ತ ಹೋದರು. ಕೋಳಿ ಅಂಕ ಬರೆದರೂ ಕೋಳಿಯ ಗರಿಗಿಂತ ಜಗಳದ ಬಿರುಸು ಮುಂದೆ. ಅಣುಬಾಂಬಿನ ನಾಶವೂ ಅವರ ವಸ್ತುವಾಯಿತು. 1971ರಲ್ಲಿ ಬಾಂಗ್ಲಾದೇಶ ಹುಟ್ಟಿತು. ಅದಕ್ಕೆ ಮುಂಚೆ ಅಲ್ಲಿಂದ ಒಂದು ಕೋಟಿಯಷ್ಟು ನಿರಾಶ್ರಿತರು ಭಾರತಕ್ಕೆ ಬಂದಿದ್ದರು. ಬೊಂಬಾಯಿಯಲ್ಲಿ ಕೂತ ಹೆಬ್ಬಾರರು ಆ ಹುಟ್ಟನ್ನೂ ಚಿತ್ರಕ್ಕೆ ತಂದರು. ಒಂದು ದೇಶದ ಹೆರಿಗೆ ನೋವಿಗೆ ಕೈಕಾಲು ಮುಖ ಎಲ್ಲಿಂದ ತರುವುದು? ಅಲ್ಲಿ ಬಣ್ಣವೇ ಗತಿ.

ಅಮೆರಿಕದ ರಾತ್ಕೋ, ಕಟ್ಟಿಂಗೇರಿಯ ಹೆಬ್ಬಾರ್

ಇದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಮಾರ್ಕ್ ರಾತ್ಕೋ ಅಂತ ಒಬ್ಬರಿದ್ದರು. 1903ರಲ್ಲಿ ಆಗಿನ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕ ಸೇರಿದವರು. ಅವರ ಚಿತ್ರದಲ್ಲಿ ಒಂದರ ಮೇಲೊಂದು ಎರಡು ಮೂರು ಬಣ್ಣದ ದೊಡ್ಡ ಚೌಕ, ಅಷ್ಟೇ. ಅದರ ಮುಂದೆ ನಿಂತು ಜನ ಅಳುತ್ತಿದ್ದರಂತೆ. 1970ರಲ್ಲಿ ಅವರು ತೀರಿಕೊಂಡರು. ಮರುವರ್ಷ ಹ್ಯೂಸ್ಟನ್ ನಗರದಲ್ಲಿ ಅವರ 14 ಚಿತ್ರಗಳನ್ನು ಇಟ್ಟ ಪ್ರಾರ್ಥನೆಯ ಮನೆಯೊಂದು ತೆರೆಯಿತು. ಹೆಚ್ಚುಕಡಿಮೆ ಕಪ್ಪೇ ಅನ್ನಬಹುದಾದ ಚಿತ್ರಗಳು. ಯಾವ ದೇವರ ಪಟವೂ ಇಲ್ಲ. ಜನ ಬಂದು ಸುಮ್ಮನೆ ಕೂತು ಹೋಗುತ್ತಾರೆ.

ರಾತ್ಕೋ ಮನುಷ್ಯನನ್ನು ಚಿತ್ರದಿಂದ ಪೂರಾ ಹೊರಗೆ ಕಳಿಸಿ, ಚಿತ್ರದ ಮುಂದೆ ನಿಲ್ಲಿಸಿದರು. ಹೆಬ್ಬಾರರಿಗೆ ಅಷ್ಟು ದೂರ ಹೋಗುವ ಮನಸ್ಸು ಬರಲಿಲ್ಲ. ಅವರ ಬಣ್ಣ ಎಷ್ಟೇ ಕರಗಿದರೂ ಒಳಗೆ ಎಲ್ಲೋ ಒಂದು ಮೈ, ಒಂದು ದೋಣಿ, ಒಂದು ಚಂದ್ರ ಉಳಿಯುತ್ತಿತ್ತು. ಪೂರ್ತಿ ಅಮೂರ್ತ ಬೇಕು ಅನ್ನುವವರಿಗೆ ಇದು ಅರ್ಧ ದಾರಿ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಅನ್ನುವವರಿಗೆ ಇದು ದಾರಿ ತಪ್ಪಿದ್ದು. ಎರಡೂ ಕಡೆಯವರನ್ನು ಮೆಚ್ಚಿಸಲು ಹೆಬ್ಬಾರರು ದಾರಿ ಬದಲಿಸಲಿಲ್ಲ. ಚಿತ್ರ ನೋಡಲು ಬಂದವನು ಅದರೊಳಗೆ ಯಾರನ್ನೋ ಗುರುತು ಹಿಡಿಯಬೇಕು, ಆ ಗುರುತು ಅವನದೇ ನೋವಿನದೋ ಸಂತೋಷದ್ದೋ ಆಗಬೇಕು. ಅವರ ಚಿತ್ರಗಳನ್ನು ಸಾಲಾಗಿ ನೋಡಿದರೆ ಅವರು ಹಿಡಿದ ಹಟ ಇದೇ ಅನ್ನಿಸುತ್ತದೆ.

ಸಂಡೂರಿನ ಲಂಬಾಣಿ ಕಸೂತಿ ನೋಡಿದವರಿಗೆ ಇದರಲ್ಲಿ ಗೊಂದಲ ಇರಬಾರದು. ಭೌಗೋಳಿಕ ಗುರುತು ಪಡೆದು ದೇಶದಾಚೆಗೂ ಹೆಸರಾದ ಕೆಲಸ ಅದು. ಕೆಂಪು, ಹಳದಿ, ನೀಲಿ ಚೂರುಗಳು, ನಡುವೆ ಕನ್ನಡಿ, ಸುತ್ತ ದಾರದ ಹೊಲಿಗೆ. ಅದರಲ್ಲಿ ಯಾವ ದೇವರ ಚಿತ್ರ ಇದೆ, ಯಾವ ಕಥೆ ಇದೆ ಅಂತ ಯಾರೂ ಕೇಳುವುದಿಲ್ಲ. ನೋಡಿದ ಕೂಡಲೇ ಮನಸ್ಸು ಅರಳುತ್ತದೆ, ಅಷ್ಟು ಸಾಕು. ಬಟ್ಟೆಯ ಮೇಲೆ ಅರ್ಥವಾಗುವ ಬಣ್ಣ ಕ್ಯಾನ್ವಾಸಿನ ಮೇಲೆ ಬಂದ ಕೂಡಲೇ ಅರ್ಥವಾಗದೆ ಹೋಗುವುದಕ್ಕೆ ಬಣ್ಣ ಕಾರಣವಲ್ಲ, ಹೆದರಿಕೆ ಕಾರಣ.

ಬಂದ ಮರ್ಯಾದೆ, ಬಿಟ್ಟುಹೋದ ಆಸ್ತಿ

ಸರ್ಕಾರ ಹೆಬ್ಬಾರರನ್ನು ಮರೆಯಲಿಲ್ಲ. ಲಲಿತಕಲಾ ಅಕಾಡೆಮಿಯ ರಾಷ್ಟ್ರ ಪ್ರಶಸ್ತಿ 1950ರ ದಶಕದಲ್ಲೇ ಬಂತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. ಇಟಲಿಯ ವೆನಿಸ್, ಬ್ರೆಜಿಲ್‌ನ ಸಾವೊ ಪಾಲೊ ನಗರಗಳ ದೊಡ್ಡ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ತೂಗಿದವು. ಬದುಕಿನ ಹೆಚ್ಚಿನ ಭಾಗ ಬೊಂಬಾಯಿಯಲ್ಲೇ ಕಳೆದರೂ ಹೆಸರಿನ ಮುಂದಿನ ಕಟ್ಟಿಂಗೇರಿಯನ್ನು ಕೊನೆತನಕ ಕಳಚಲಿಲ್ಲ. 1996ರ ಮಾರ್ಚ್ 26ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗಳು ರೇಖಾ ರಾವ್ ಅವರೂ ಚಿತ್ರ ಬರೆಯುವ ಹಾದಿಯನ್ನೇ ಹಿಡಿದರು.

ದೊಡ್ಡವರ ಚಿತ್ರಗಳು ಸಾಹುಕಾರರ ಮನೆಯ ಗೋಡೆ ಸೇರಿ ಸಾಮಾನ್ಯರ ಕಣ್ಣಿಗೆ ಬೀಳದೆ ಹೋಗುವುದು ಲೋಕದ ರೂಢಿ. ಹೆಬ್ಬಾರರ ವಿಷಯದಲ್ಲಿ ಪೂರ್ತಿ ಹಾಗಾಗಲಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಚಿತ್ರಗಳಿಗೂ ಜಾಗವಾಯಿತು. ಮಣಿಪಾಲದಲ್ಲಿ ಅವರ ಹೆಸರಿನದೇ ಚಿತ್ರಶಾಲೆ ಎದ್ದಿತು.

ಹೊಸಪೇಟೆ, ಕಂಪ್ಲಿ, ಸಂಡೂರಿನಿಂದ ಮಾಲು ತರಲು ಬೆಂಗಳೂರಿಗೆ ಹೋಗುವವರಿದ್ದಾರೆ. ಆಸ್ಪತ್ರೆಗೆಂದು ಮಣಿಪಾಲದ ಬಸ್ಸು ಹತ್ತುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯುವ ಹೊತ್ತು ಎಷ್ಟು ಉದ್ದ ಅನ್ನುವುದು ಕಾದವರಿಗೇ ಗೊತ್ತು. ಮಾತು ಬೇಡ ಅನ್ನಿಸುವ, ಆದರೆ ಒಬ್ಬನೇ ಇರಲೂ ಆಗದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಹೆಬ್ಬಾರರ ಒಂದು ಚಿತ್ರದ ಮುಂದೆ ಐದು ನಿಮಿಷ ನಿಂತು ನೋಡಬಹುದು. ಇದೇನು ಅಂತ ಕೇಳಬೇಕಾಗಿಲ್ಲ. ಈ ಬಣ್ಣ ನೋಡಿದರೆ ಯಾರ ನೆನಪಾಗುತ್ತದೆ ಅಂತ ತನ್ನನ್ನು ತಾನೇ ಕೇಳಿಕೊಂಡರೆ ಸಾಕು. ಹೆಬ್ಬಾರರು ಅಷ್ಟು ವರ್ಷ ಕುಂಚ ಹಿಡಿದದ್ದು ಆ ನೆನಪಿಗಾಗಿಯೇ.